ದೇವರ ಕೋಣೆಯ ‘ಎನರ್ಜಿ ಸ್ಕ್ಯಾನಿಂಗ್’ ಸೇವೆ: 5ಕ್ಕೆ 2 ಸ್ಟಾರ್

ದೇವರ ಕೋಣೆಯಲ್ಲಿ ‘ದೈವಶಕ್ತಿ’ ಎಷ್ಟಿದೆ ಅಂತ ಯಂತ್ರದಲ್ಲಿ ಅಳೆದು ಹೇಳುವ ಸೇವೆ ಇದು. ಫೀಸು 1,500 ರೂಪಾಯಿ. ಬುಕ್ ಮಾಡಿದ್ದು ನಮ್ಮ ಭಾವ. “ದೇವರಿದ್ದಾನೆ ಅನ್ನೋದು ಈಗ ಸೈನ್ಸಲ್ಲೇ ಪ್ರೂವ್ ಆಗಿದೆ, ನೀನೇ ನೋಡಮ್ಮ” ಅಂದರು. ನಾನು ದಾವಣಗೆರೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ಯಂತ್ರ ಅಂದರೆ ನನಗೂ ಕುತೂಹಲ.

ಬಂದವರು ಹೇಳಿದ ಟೈಮಿಗೆ ಬಂದರು. ಕಾಫಿ ಕುಡಿದ ಲೋಟವನ್ನು ತಾವೇ ಸಿಂಕಿಗೆ ಹಾಕಿದರು. ಒಂದು ಸ್ಟಾರ್ ಅದಕ್ಕೆ.

ಯಂತ್ರ ಅಂದರೆ ಒಂದು ಹಿಡಿ, ಅದರ ಮೇಲೆ ಅಲ್ಲಾಡುವ ಎರಡು ಕಡ್ಡಿ. ಪ್ಲಗ್ ಇಲ್ಲ, ಡಿಸ್‌ಪ್ಲೇ ಇಲ್ಲ. ಹಿತ್ತಾಳೆ ಗಣಪತಿಯ ಮುಂದೆ ನಿಂತು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾರೆ. ಕಡ್ಡಿ ಎಲ್ಲಿ ಮುಚ್ಚಿಕೊಳ್ಳುತ್ತದೋ ಅಲ್ಲಿವರೆಗೆ ಶಕ್ತಿ. ಟೇಪು ಹಿಡಿದು “ಏಳು ಮೀಟರ್” ಅಂದರು. ನಾನು ಕಡ್ಡಿ ಬಿಟ್ಟು ಅವರ ಮಣಿಕಟ್ಟು ನೋಡುತ್ತಿದ್ದೆ. ಕಡ್ಡಿ ತಿರುಗುವ ಮೊದಲೇ ಕೈ ಒಂಚೂರು ವಾಲುತ್ತಿತ್ತು. ಬೇಕಂತ ಮಾಡಿದ ಮೋಸ ಅನ್ನಲ್ಲ. ಮನಸ್ಸಿನಲ್ಲಿ ಇರುವುದನ್ನು ಕೈ ತಾನಾಗೇ ಮಾಡಿಬಿಡುತ್ತದೆ, ಅವರಿಗೇ ಗೊತ್ತಾಗಲ್ಲ. ಬೋರ್‌ವೆಲ್ ಪಾಯಿಂಟ್ ನೋಡುವವರ ಕವಲುಕಡ್ಡಿಯೂ ಹೀಗೇ.

ಲ್ಯಾಬಲ್ಲಿ ಪೇಷಂಟ್ ಸ್ಯಾಂಪಲ್ ಹಾಕುವ ಮೊದಲು, ಉತ್ತರ ಗೊತ್ತಿರುವ ಕಂಟ್ರೋಲ್ ಓಡಿಸಿ ಮೆಷಿನ್ ಸರಿ ಇದೆಯಾ ನೋಡುತ್ತೇವೆ. ಇಲ್ಲೂ ಅದನ್ನೇ ಕೇಳಿದೆ. ಮೂರು ಸ್ಟೀಲ್ ಡಬ್ಬಿ, ಒಂದರಲ್ಲಿ ಮಾತ್ರ ಗಣಪತಿ. ಒಳಗೆ ಇಟ್ಟವರು ಆಚೆ ಹೋಗಿಬಿಡಲಿ, ಯಾವುದರಲ್ಲಿದೆ ಅಂತ ನೀವು ಹೇಳಿ. ಅವರು ನಕ್ಕು, “ಪರೀಕ್ಷೆ ಮಾಡೋರ ಎದುರು ಶಕ್ತಿ ಇಳಿದುಬಿಡುತ್ತೆ ಮೇಡಂ” ಅಂದರು. ಅಲ್ಲಿಗೆ ಮುಗೀತಲ್ವಾ? ಏಳು ಬಂದರೆ ದೇವರು, ಸೊನ್ನೆ ಬಂದರೆ ನಮ್ಮ ತಪ್ಪು. ಎಂಥ ರೀಡಿಂಗ್ ಬಂದರೂ ಸೋಲದ ಮೆಷಿನ್ನು!

ಭಾವ ಬಿಡಲಿಲ್ಲ. “ಹಾಗಾದ್ರೆ ದೇವರನ್ನ ಪರೀಕ್ಷೆ ಮಾಡೋಕೆ ವಿಜ್ಞಾನಕ್ಕೆ ಆಗಲ್ಲ ಅನ್ನು!” ದೇವರ ಹೆಸರಲ್ಲಿ ‘ಹೀಗೆ ಮಾಡಿದರೆ ಹೀಗಾಗುತ್ತೆ’ ಅಂದರೆ ಆ ಮಾತನ್ನು ಪರೀಕ್ಷೆ ಮಾಡಬಹುದು ಅಂದೆ. ಅಮೆರಿಕದಲ್ಲಿ ಪ್ರಾರ್ಥನೆಯಿಂದ ರೋಗಿಗಳಿಗೆ ಗುಣವಾಗುತ್ತಾ ಅಂತ ಹೀಗೇ ಪರೀಕ್ಷೆ ಮಾಡಿದ್ದಾರೆ. ಆರು ಆಸ್ಪತ್ರೆ, 1,802 ಬೈಪಾಸ್ ರೋಗಿಗಳು, ವರದಿ ಬಂದಿದ್ದು 2006ರಲ್ಲಿ. ಎರಡು ಗುಂಪಿಗೆ ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಪ್ರಾರ್ಥನೆ ಸಿಕ್ಕವರಲ್ಲಿ ಆಪರೇಷನ್ ನಂತರದ ತೊಂದರೆ 52%, ಸಿಗದವರಲ್ಲಿ 51%. ಪ್ರಾರ್ಥನೆ ನಡೀತಿದೆ ಅಂತ ಗೊತ್ತಿದ್ದ ಮೂರನೇ ಗುಂಪಿನಲ್ಲಿ 59%! ಇದರಿಂದ ದೇವರಿಲ್ಲ ಅಂತ ಆಗಲ್ಲ. ದೂರದ ಅಪರಿಚಿತರು ಪ್ರಾರ್ಥಿಸಿದರೆ ಗುಣವಾಗುತ್ತದೆ ಅನ್ನುವ ಮಾತಿಗೆ ಆಧಾರ ಸಿಗಲಿಲ್ಲ, ಅಷ್ಟೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಮಾಡಿದ ಸಮಿತಿಯೂ ಪವಾಡ ಮತ್ತು ಪರೀಕ್ಷೆಗೆ ಸಿಗುವಂಥ ಮೂಢನಂಬಿಕೆಗಳಿಗೇ ಇದ್ದದ್ದು.

ಭಾವ ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಅತ್ತೆ, “ದೀಪ ಹಚ್ಚೋ ಹೊತ್ತಾಯ್ತು, ಗಣಪ್ಪನ್ನ ಡಬ್ಬಿಯಿಂದ ತೆಗೀರೋ” ಅಂತ ರೇಗಿದರು.

ಬಿಲ್ ಬೇಕಿದ್ದರೆ ಮೊದಲೇ ಹೇಳಿ, ತಾವಾಗಿ ಕೊಡಲ್ಲ. ಕೊನೆಗೆ 3,200 ರೂಪಾಯಿಯ ತಾಮ್ರದ ಪಿರಮಿಡ್ ತೋರಿಸುತ್ತಾರೆ. ಬೇಡ ಅಂದಾಗ ಒತ್ತಾಯ ಮಾಡಲಿಲ್ಲ. ಎರಡನೇ ಸ್ಟಾರ್ ಅದಕ್ಕೆ.