ಸ್ಯಾಂಟೊರಿನಿಯೋ, ನಾಕ್ಸೋಸೋ, ಕ್ರೀಟೋ?

ಮೊದಲ ಸಲ ಗ್ರೀಸ್‌ಗೆ ಹೊರಟವರೆಲ್ಲ ಕೇಳುವ ಹೆಸರು ಸ್ಯಾಂಟೊರಿನಿ ದ್ವೀಪದ್ದು. ಜ್ವಾಲಾಮುಖಿ ಸಿಡಿದು ಕುಸಿದ ಜಾಗದ ಅಂಚಿನಲ್ಲಿ ಬಿಳಿ ಮನೆಗಳು, ಕೆಳಗೆ ಕಡುನೀಲಿ ಸಮುದ್ರ. ನೋಟಕ್ಕೆ ಸಾಟಿಯಿಲ್ಲ, ನಿಜ. ಆದರೆ ಅಲ್ಲಿನ ಇಯಾ ಎಂಬ ಊರಿನ ಸೂರ್ಯಾಸ್ತಕ್ಕೆ ಜಾತ್ರೆಯಷ್ಟು ಜನ, ರೂಮ್ ಬಾಡಿಗೆಯೂ ಜಾಸ್ತಿ. ಬೀಚ್‌ಗಳಲ್ಲಿ ಕಪ್ಪು ಮರಳು. ಬೇಸಿಗೆಯಲ್ಲಿ ಕಾಲು ಸುಡುತ್ತದೆ.

ಮಕ್ಕಳ ಜೊತೆ ನೀರಾಟ ಬೇಕಾದರೆ ನಾಕ್ಸೋಸ್ ದ್ವೀಪ. ಮುಖ್ಯ ಊರಿನ ಪಕ್ಕದ ಆಗಿಯೋಸ್ ಯೋರ್ಗಿಯೋಸ್ ಬೀಚ್‌ನಲ್ಲಿ ನೀರು ಆಳವಿಲ್ಲ. ಖರ್ಚೂ ಕಡಿಮೆ. ಇಲ್ಲಿನ ಆಲೂಗಡ್ಡೆ, ಗ್ರಾವಿಯೆರಾ ಚೀಸ್ ಗ್ರೀಸ್‌ನಲ್ಲೆಲ್ಲ ಹೆಸರುವಾಸಿ. ನನ್ನ ಓಟು ಇದಕ್ಕೇ. ಇಲ್ಲಿಂದ ಫೆರಿ ಹತ್ತಿ ಸ್ಯಾಂಟೊರಿನಿಗೆ ಹೋಗಿ ಎರಡು ರಾತ್ರಿ ಇದ್ದರೆ ಸಾಕು, ಅಲ್ವಾ?

ಕ್ರೀಟ್ ದ್ವೀಪದ್ದು ಬೇರೆಯದೇ ಲೆಕ್ಕ. ಉದ್ದ ಸುಮಾರು 260 ಕಿ.ಮೀ. ಪ್ರಾಚೀನ ಕ್ನೋಸೋಸ್ ಅರಮನೆ, 16 ಕಿ.ಮೀ. ನಡೆಯುವ ಸಮಾರಿಯಾ ಕಣಿವೆ, ಖಾನಿಯಾ ಊರಿನ ಹಳೆ ಬಂದರು ಎಲ್ಲವೂ ದೂರ ದೂರ. ಬಾಡಿಗೆ ಕಾರು, ಒಂದು ವಾರ ರಜೆ ಇಲ್ಲದಿದ್ದರೆ ಸುಮ್ನೆ ಮುಂದಿನ ಸಲಕ್ಕೆ ಬಿಡಿ.