ಸ್ಟ್ರೀಮ್ ಗ್ಯಾರಂಟಿ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ

ಸ್ವಂತ ದುಡ್ಡಲ್ಲಿ ಹಾಡು ಮಾಡಿ, ಯಾವ ಕಂಪನಿಯ ಬೆಂಬಲವೂ ಇಲ್ಲದೆ ಬಿಡುಗಡೆ ಮಾಡುತ್ತಿರುವ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಾಡಿನ ಆ್ಯಪ್‌ನಲ್ಲಿ ಹಾಡು ಒಂದು ಸಲ ಓಡಿದರೆ ಒಂದು ಸ್ಟ್ರೀಮ್. ಇಷ್ಟು ರೂಪಾಯಿಗೆ ಇಷ್ಟು ಸಾವಿರ ಸ್ಟ್ರೀಮ್ ಅಂತ ಪ್ಯಾಕೇಜ್ ಮಾರುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ದುಡ್ಡು ಹೋದರೆ ಮತ್ತೆ ದುಡಿಯಬಹುದು. ನಮಗೆ ಹಾಡೇ ಹೋಯಿತು, ಎಲ್ಲ ಆ್ಯಪ್‌ಗಳಿಂದಲೂ.

ನಮ್ಮದು ಸಣ್ಣ ತಂಡ. ಹಾಡು ಬರೆಯುವವರು ನನ್ನ ಅತ್ತಿಗೆ, ಸಾಗರದ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್. ರಾಗ ಹಾಕುವವನು ನಾನು. ಕೊಳಲಿಗೆ ಮೈಸೂರಿನ ಒಬ್ಬ ಗೆಳೆಯ, ಮಿಕ್ಸಿಂಗಿಗೆ ಬೆಂಗಳೂರಿನ ಇನ್ನೊಬ್ಬ. ಈ ಸಲದ ಹಾಡು ಕೊನೆಗೌಡನ ಬಗ್ಗೆ. ಅಡಿಕೆ ಕೊಯ್ಲಿನಲ್ಲಿ ಮರದಿಂದ ಮರಕ್ಕೆ ಹಾರಿಕೊಂಡು ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಮನುಷ್ಯ. ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಂಥವರು ಈಗ ಕಡಿಮೆ ಆಗುತ್ತಿದ್ದಾರೆ, ಅವರ ಮೇಲೆ ಒಂದು ಹಾಡಿರಲಿ ಅನ್ನೋದು ಅತ್ತಿಗೆಯ ಆಸೆ. ರೆಕಾರ್ಡಿಂಗ್, ಮಿಕ್ಸಿಂಗ್, ಕವರ್ ಚಿತ್ರ ಎಲ್ಲ ಆದ ಮೇಲೆ ಪ್ರಚಾರಕ್ಕೆ ಅಂತ ಉಳಿದದ್ದು 15,000 ರೂಪಾಯಿ.

ಟೀಸರ್ ಹಾಕಿದ ಕೂಡಲೇ ಇನ್‌ಸ್ಟಾಗ್ರಾಂನಲ್ಲಿ ಒಬ್ಬನ ಮೆಸೇಜ್ ಬಂತು. ಒಳ್ಳೆಯ ಕನ್ನಡ, ಮರ್ಯಾದೆಯ ಮಾತು. ಹಾಡಿನ ಎರಡನೇ ಸಾಲು ತುಂಬಾ ಹಿಡಿಸಿತು ಅಂತ ಸಾಲನ್ನೇ ಬರೆದು ಕಳಿಸಿದ್ದ. ಆಮೇಲೆ ವಾಟ್ಸಾಪಿಗೆ ಬಂದ. 12,000 ರೂಪಾಯಿಗೆ 40 ಸಾವಿರ ಸ್ಟ್ರೀಮ್, ಒಂದು ತಿಂಗಳೊಳಗೆ. ಬೇರೆ ಕನ್ನಡ ಹಾಡುಗಳದ್ದು ಅಂತ ಒಂದಷ್ಟು ಸ್ಕ್ರೀನ್‌ಶಾಟ್ ಕಳಿಸಿದ.

ನಾನು ನೇರವಾಗಿಯೇ ಕೇಳಿದೆ, ಇದು ಬಾಟ್, ಅಂದರೆ ಕಂಪ್ಯೂಟರ್ ಓಡಿಸುವ ನಕಲಿ ಕೇಳುಗರು, ಅಲ್ವಾ ಅಂತ. "ಛೇ, ಇಲ್ಲ ಸರ್. 100% ಆರ್ಗ್ಯಾನಿಕ್. ನಮ್ಮದೇ ಪ್ಲೇಲಿಸ್ಟ್ ನೆಟ್‌ವರ್ಕ್ ಇದೆ, ಎಲ್ಲ ರಿಯಲ್ ಲಿಸನರ್ಸ್" ಅಂದ. ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿದ. 2024ರಿಂದ ಸ್ಪಾಟಿಫೈ ಒಂದು ನಿಯಮ ತಂದಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ರಾಯಲ್ಟಿ ಇಲ್ಲ. ಈ ನಿಯಮ ನಿಜ. ಅದನ್ನೇ ಹಿಡಿದುಕೊಂಡು ಅವನು ಹೆದರಿಸಿದ. "ಶುರುವಲ್ಲೇ ಪುಶ್ ಕೊಡದಿದ್ದರೆ ನಿಮ್ಮ ಹಾಡು ಲೆಕ್ಕಕ್ಕೇ ಬರಲ್ಲ ಸರ್." ಒಂದು ನಿಜ ಸಂಗತಿಯ ಪಕ್ಕದಲ್ಲಿ ಒಂದು ಸುಳ್ಳನ್ನು ಇಟ್ಟು ಮಾರುವುದು ಇವರ ರೀತಿ. ಡಿಜಿಟಲ್ ಮಾರ್ಕೆಟಿಂಗ್ ಸೇವೆ ಅಂತ ಬಿಲ್ ಕೂಡ ಕಳಿಸಿದ. ಬಿಲ್‌ನಲ್ಲಿ ಕಂಪನಿಯ ಹೆಸರು, ಯುಪಿಐನಲ್ಲಿ ಮಾತ್ರ ಬೇರೆ ಯಾರದೋ ವೈಯಕ್ತಿಕ ಹೆಸರು. ಇದೊಂದನ್ನು ನೆನಪಿಟ್ಟುಕೊಳ್ಳಿ. ನಾವು ನಂಬಿ 12,000 ಕಳಿಸಿಬಿಟ್ಟೆವು.

ಬಿಡುಗಡೆಯಾದ ಮೊದಲ ವಾರ ಸಂಖ್ಯೆ ಏರಿದ್ದೇ ಏರಿದ್ದು. ಅತ್ತಿಗೆ ಫೋನ್ ಮಾಡಿ, "ನೋಡಿದ್ಯೇನೋ, ಹತ್ತು ಸಾವಿರ ದಾಟ್ತು" ಅಂದರು. ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದರು. ಆ ಸಂಜೆ ನಾನು, ಕಲಾವಿದರು ತಮ್ಮ ಹಾಡಿನ ಲೆಕ್ಕ ನೋಡುವ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಆ್ಯಪ್ ತೆಗೆದು, ಕೇಳುಗರು ಯಾವ ಊರಿನವರು ಅಂತ ನೋಡಿದೆ. ನಮ್ಮ ಹಿಂದಿನ ಹಾಡುಗಳಿಗೆ ಅಲ್ಲಿ ಬೆಂಗಳೂರು ಮೊದಲು, ಆಮೇಲೆ ಶಿವಮೊಗ್ಗ, ಮೈಸೂರು, ಮುಂಬೈ ಇರುತ್ತಿತ್ತು. ಈಗ ಮೊದಲ ಸಾಲಲ್ಲಿ ಹೆಲ್ಸಿಂಕಿ. ಎರಡನೆಯದು ಫ್ರಾಂಕ್‌ಫರ್ಟ್. ಬೆಂಗಳೂರು ಕೆಳಗೆಲ್ಲೋ ಇತ್ತು, ಶಿವಮೊಗ್ಗ ಪಟ್ಟಿಯಲ್ಲೇ ಇಲ್ಲ. ಕೊನೆಗೌಡ ಅಂದರೆ ಯಾರು ಅಂತ ಬಯಲುಸೀಮೆಯ ಕನ್ನಡಿಗರಿಗೇ ಬಿಡಿಸಿ ಹೇಳಬೇಕಾಗುತ್ತದೆ. ಹೊರದೇಶದಲ್ಲಿ ಕನ್ನಡಿಗರು ಇದ್ದೇ ಇದ್ದಾರೆ, ಆದರೆ ಬೆಂಗಳೂರಿಗಿಂತ ಜಾಸ್ತಿ ಜನ ಫಿನ್‌ಲೆಂಡಿನಲ್ಲಿ ಕೂತು ಈ ಹಾಡು ಕೇಳುವುದಕ್ಕೆ ಸಾಧ್ಯವೇ ಇಲ್ಲ.

ಆಮೇಲೆ ಸೇವ್‌ಗಳ ಲೆಕ್ಕ ನೋಡಿದೆ. ಹಾಡು ಹಿಡಿಸಿದವರು ಅದನ್ನು ತಮ್ಮ ಲೈಬ್ರರಿಗೆ ಸೇರಿಸಿಕೊಳ್ಳುತ್ತಾರಲ್ಲ, ಆ ಸಂಖ್ಯೆ. ಅದು ಇದ್ದಲ್ಲೇ ಇತ್ತು. ಹತ್ತು ಸಾವಿರ ಸಲ ಹಾಡು ಓಡಿದೆ, ಆದರೆ ಒಬ್ಬರಿಗೂ ಇನ್ನೊಮ್ಮೆ ಕೇಳೋಣ ಅನಿಸಿಲ್ಲ. ಯಾವ ಪ್ಲೇಲಿಸ್ಟಿನಿಂದ ಬರುತ್ತಿದೆ ಅಂತ ಹುಡುಕಿದರೆ ಒಂದು ಇಂಗ್ಲಿಷ್ ಹೆಸರಿನ ಪ್ಲೇಲಿಸ್ಟ್. ಒಳಗೆ ಸ್ಪ್ಯಾನಿಷ್ ಹಾಡು, ನಿದ್ದೆಗೆ ಅಂತ ಮಾಡಿದ ಪಿಯಾನೋ, ಯಾರದೋ ರ್‍ಯಾಪ್, ನಡುವೆ ನಮ್ಮ ಕೊನೆಗೌಡ. ಕನ್ನಡದ್ದು ಅದೊಂದೇ.

ಅವನಿಗೆ ಕೂಡಲೇ ಬರೆದೆ, ಇದನ್ನು ಈಗಲೇ ನಿಲ್ಲಿಸಿ ಅಂತ. "ನಾರ್ಮಲ್ ಸರ್, ವಿಪಿಎನ್ ಇಂದ ಹಂಗೆ ತೋರಿಸುತ್ತೆ" ಅಂತ ಉತ್ತರ ಬಂತು. ವಿಪಿಎನ್ ಅಂದರೆ ಕೇಳುವವರ ಊರು ಬೇರೆ ಕಾಣುವ ಹಾಗೆ ಮಾಡುವ ಸೇವೆ. ನಿಲ್ಲಿಸಲಿಲ್ಲ.

ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಹಾಡು 30 ಸೆಕೆಂಡ್ ಓಡಿದರೆ ಸ್ಪಾಟಿಫೈನಲ್ಲಿ ಒಂದು ಸ್ಟ್ರೀಮ್ ಅಂತ ಲೆಕ್ಕ. ಈ ದಂಧೆಯವರು ರಾಶಿ ರಾಶಿ ನಕಲಿ ಖಾತೆ ಮಾಡಿ, ಎಲ್ಲೋ ಇರುವ ಕಂಪ್ಯೂಟರುಗಳಿಂದ ಹಾಡನ್ನು ತಾನಾಗಿಯೇ ಓಡಿಸುತ್ತಾರೆ. ಕೇಳುವ ಮನುಷ್ಯ ಅಲ್ಲಿ ಯಾರೂ ಇಲ್ಲ. ರಾಯಲ್ಟಿಗೆ ಅಂತ ಇರುವ ಹಣ ಒಟ್ಟು ಸ್ಟ್ರೀಮ್‌ಗಳ ಮೇಲೆ ಹಂಚಿಹೋಗುತ್ತದೆ. ಹಾಗಾಗಿ ನಕಲಿ ಸ್ಟ್ರೀಮ್ ಅಂದರೆ ಬೇರೆ ಕಲಾವಿದರ ಪಾಲಿಗೆ ಕೈ ಹಾಕಿದ ಹಾಗೆ. ಅದಕ್ಕೇ ನಿಯಮ ಬಿಗಿ ಮಾಡಿದ್ದಾರೆ. 2024ರಿಂದ, ಒಂದು ಹಾಡಿಗೆ ಬಂದ ಸ್ಟ್ರೀಮ್‌ಗಳು ಕಣ್ಣಿಗೆ ರಾಚುವಷ್ಟು ನಕಲಿ ಅಂತ ಕಂಡರೆ ಸ್ಪಾಟಿಫೈ ಆ ಹಾಡಿನ ಲೆಕ್ಕದಲ್ಲಿ ಲೇಬಲ್ (ಹಾಡಿನ ಕಂಪನಿ) ಅಥವಾ ಡಿಸ್ಟ್ರಿಬ್ಯೂಟರ್‌ಗೆ (ನಮ್ಮ ಹಾಡನ್ನು ಎಲ್ಲ ಆ್ಯಪ್‌ಗಳಿಗೆ ತಲುಪಿಸುವ ಸಂಸ್ಥೆ) ದಂಡ ಹಾಕುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ನಮ್ಮ ಮೇಲೆ ಹಾಕುತ್ತಾರೆ. ಸ್ಟ್ರೀಮ್ ಕೊಂಡವರು ಯಾರು, ಮೋಸ ಹೋದವರು ಯಾರು ಅಂತ ಯಂತ್ರ ನೋಡುವುದಿಲ್ಲ.

ಹಾಗೇ ಆಯಿತು. ಡಿಸ್ಟ್ರಿಬ್ಯೂಟರ್ ಕಡೆಯಿಂದ ಒಂದು ಇಮೇಲ್. ಅಸಹಜ ಸ್ಟ್ರೀಮಿಂಗ್ ಕಂಡುಬಂದಿದೆ, ಹಾಡನ್ನು ಎಲ್ಲ ಕಡೆಯಿಂದ ತೆಗೆದಿದ್ದೇವೆ, ದಂಡವನ್ನು ನಿಮ್ಮ ಖಾತೆಯಿಂದ ಕಳೆದಿದ್ದೇವೆ, ಮತ್ತೆ ಹೀಗಾದರೆ ಖಾತೆಯೇ ಬಂದ್. ವಾಟ್ಸಾಪ್ ಮಾತುಕತೆ ಎಲ್ಲ ಲಗತ್ತಿಸಿ ಬರೆದೆವು. ಬಂದದ್ದು ಅದೇ ಸಿದ್ಧ ಉತ್ತರ. ನಕಲಿ ಸ್ಟ್ರೀಮ್ ಬಂದದ್ದು ಸ್ಪಾಟಿಫೈನಲ್ಲಿ ಮಾತ್ರ, ಹಾಡು ಹೋದದ್ದು ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್, ಇನ್‌ಸ್ಟಾಗ್ರಾಂ ಎಲ್ಲದರಿಂದ.

ಇನ್‌ಸ್ಟಾಗ್ರಾಂನದ್ದೇ ನನಗೆ ಈಗಲೂ ಹೊಟ್ಟೆ ಉರಿಸುವ ವಿಷಯ. ಅತ್ತಿಗೆಯ ಶಾಲೆಯ ಮಕ್ಕಳು ಈ ಹಾಡಿಗೆ ಒಂದು ಕುಣಿತ ಮಾಡಿದ್ದರು. ದೊಡ್ಡ ಹುಡುಗನೊಬ್ಬ ಕಾಲಿಗೆ ಬಾಳೆನಾರಿನ ತಳೆ ಕಟ್ಟಿಕೊಂಡು ಕಂಬ ಹತ್ತುವ ಹಾಗೆ ನಟಿಸುತ್ತಾನೆ, ಉಳಿದವರು ಕೆಳಗೆ ಕೊನೆ ಹಿಡಿಯುತ್ತಾರೆ. ಪೋಷಕರೊಬ್ಬರು ಅದನ್ನು ರೀಲ್ ಮಾಡಿ ಹಾಕಿದ್ದರು. ಊರಿನವರೆಲ್ಲ ಶೇರ್ ಮಾಡಿದ್ದರು. ನಮ್ಮ ಹಾಡಿಗೆ ಸಿಕ್ಕ ನಿಜವಾದ ಪ್ರಚಾರ ಅದು, ಬಿಡಿಗಾಸು ಖರ್ಚಿಲ್ಲದೆ. ಹಾಡು ತೆಗೆದ ದಿನ ಆ ರೀಲ್‌ನ ಶಬ್ದವೂ ಹೋಯಿತು. "ಏನಾಯ್ತೋ, ಮಕ್ಕಳ ವಿಡಿಯೋದಲ್ಲಿ ಶಬ್ದಾನೇ ಬರ್ತಿಲ್ಲ" ಅಂತ ಅತ್ತಿಗೆ ಕೇಳಿದರು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಇದಾದ ಮೇಲೆ ಅದೇ ಮನುಷ್ಯ ಮತ್ತೆ ಬಂದ. "ಟೇಕ್‌ಡೌನ್ ರಿಕವರಿ ಮಾಡಿಸಿ ಕೊಡ್ತೀನಿ ಸರ್, ಒಳಗೆ ನಮ್ಮವರಿದ್ದಾರೆ, 8,000 ಆಗುತ್ತೆ." ಅಂದರೆ ತೆಗೆದ ಹಾಡನ್ನು ವಾಪಸ್ ತರಿಸುತ್ತಾನಂತೆ. ಜೊತೆಗೆ ಡಿಸ್ಟ್ರಿಬ್ಯೂಟರ್ ಖಾತೆಯ ಲಾಗಿನ್ ಕೇಳಿದ. ಕೊಡಲಿಲ್ಲ. ನೀವೂ ಯಾರಿಗೂ ಕೊಡಬೇಡಿ. ಆ ಖಾತೆ ಕೈಗೆ ಸಿಕ್ಕರೆ ನಿಮ್ಮ ರಾಯಲ್ಟಿ ಹೋಗುವ ಬ್ಯಾಂಕ್ ವಿವರ ಬದಲಿಸಬಹುದು, ನಿಮ್ಮ ಹಳೆಯ ಹಾಡುಗಳನ್ನೂ ಎತ್ತಿಬಿಡಬಹುದು. ನಾವು 1930ಕ್ಕೆ ಫೋನ್ ಮಾಡಿ ಸೈಬರ್ ವಂಚನೆ ದೂರು ಕೊಟ್ಟಿದ್ದೇವೆ. ದುಡ್ಡು ವಾಪಸ್ ಬಂದಿಲ್ಲ. ಹಣ ಕಳಿಸಿದ ಕೆಲವೇ ಗಂಟೆಗಳಲ್ಲಿ ದೂರು ಕೊಟ್ಟರೆ ಆ ಕಡೆಯ ಖಾತೆಯಲ್ಲಿ ಅದನ್ನು ತಡೆಹಿಡಿಯುವ ಅವಕಾಶ ಜಾಸ್ತಿ. ನಮಗೆ ಮೋಸ ಗೊತ್ತಾಗುವಷ್ಟರಲ್ಲಿ ಆ ಹೊತ್ತು ದಾಟಿತ್ತು.

ಹಾಗಾದರೆ ಸಣ್ಣ ದುಡ್ಡಲ್ಲಿ ಏನು ಮಾಡೋದು? ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟಿಗೆ ಹಾಡು ಕಳಿಸಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಆ ಜಾಗ ಮಾರಾಟಕ್ಕಿಲ್ಲ ಅಂತ ಅವರೇ ಹೇಳುತ್ತಾರೆ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲೇ ಪಿಚ್ ಮಾಡಬಹುದು, ಅಂದರೆ ಹಾಡಿನ ಬಗ್ಗೆ ಬರೆದು ಸಂಪಾದಕರಿಗೆ ಕಳಿಸಬಹುದು, ಹಾಡು ಬಿಡುಗಡೆ ಆಗುವ ಮೊದಲು. ಕನಿಷ್ಠ ಏಳು ದಿನ ಮುಂಚೆ ಮಾಡಿದರೆ, ಸಂಪಾದಕರು ಆರಿಸದಿದ್ದರೂ, ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರೇಡಾರ್‌ಗೆ (ಹೊಸ ಹಾಡುಗಳ ಪ್ಲೇಲಿಸ್ಟಿಗೆ) ಹಾಡು ಹೋಗುತ್ತದೆ. ಹಾಗಾಗಿ ಡಿಸ್ಟ್ರಿಬ್ಯೂಟರ್‌ಗೆ ಮೂರು ನಾಲ್ಕು ವಾರ ಮೊದಲೇ ಹಾಡು ಕೊಡಿ. ಇದನ್ನು ಬಿಟ್ಟು ನಾಳೆಯೇ ರಿಲೀಸ್ ಅಂತ ಅವಸರ ಮಾಡುವ ಹುಡುಗರನ್ನು ತುಂಬಾ ನೋಡಿದ್ದೇನೆ, ನೋಡಿದಾಗೆಲ್ಲ ಬೇಜಾರಾಗುತ್ತದೆ.

ಜಾಹೀರಾತಿಗೆ ದುಡ್ಡು ಹಾಕುವುದಿದ್ದರೆ ನಿಮ್ಮ ಸ್ವಂತ ಖಾತೆಯಿಂದ ಹಾಕಿ. ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಂ) ಜಾಹೀರಾತಿನಲ್ಲಿ ಜಾಗ, ಭಾಷೆ ಎರಡನ್ನೂ ನೀವೇ ಆರಿಸಬಹುದು. ದಿನಕ್ಕೆ ನೂರಿನ್ನೂರು ರೂಪಾಯಿ ಸಾಕು. ಸಂಖ್ಯೆ ಸಣ್ಣದಿರುತ್ತದೆ, ಆದರೆ ಬಂದವರು ಮನುಷ್ಯರು. ಸ್ಟ್ರೀಮ್‌ಗಿಂತ ಸೇವ್ ನೋಡಿ, ಊರುಗಳ ಪಟ್ಟಿ ನೋಡಿ. ನಕಲಿ ಕೇಳುಗರು ಬಂದರೆ ಇನ್ನೊಂದು ಹಾನಿಯೂ ಇದೆ. ನಿಮ್ಮ ಹಾಡನ್ನು ಯಾರಿಗೆ ತೋರಿಸಬೇಕು ಅಂತ ಆ್ಯಪ್ ಕಲಿಯುವುದೇ ಈಗಾಗಲೇ ಕೇಳಿದವರನ್ನು ನೋಡಿ. ಕೇಳಿದ್ದು ಬಾಟ್ ಆದರೆ ಅದಕ್ಕೆ ದಾರಿಯೇ ತಪ್ಪುತ್ತದೆ.

ಪುಕ್ಕಟೆ ಪ್ರಚಾರ ಮಾಡ್ತೀವಿ, ಇಲ್ಲಿ ಸಹಿ ಹಾಕಿ ಅಂತ ಬರುವವರೂ ಇದ್ದಾರೆ. ಎಲ್ಲ ಹಕ್ಕು ಶಾಶ್ವತವಾಗಿ ಅನ್ನುವ ಸಾಲು ಕಂಡರೆ ಅಲ್ಲೇ ನಿಲ್ಲಿ. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ ಹಾಡು ಬರೆದವರು ಮತ್ತು ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಡುವ ಹಾಗೇ ಇಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಐಪಿಆರ್‌ಎಸ್ ಅಂಥ ಒಂದು ಸೊಸೈಟಿ, ರಾಯಲ್ಟಿ ವಸೂಲಿ ಮಾಡಿ ಹಂಚುತ್ತದೆ. ಬರೆಯುವವರು, ರಾಗ ಹಾಕುವವರು ಅದರ ಸದಸ್ಯತ್ವ ಮಾಡಿಸಿಕೊಳ್ಳಿ. ಅತ್ತಿಗೆಗೆ ಈಗ ಮಾಡಿಸಿದ್ದೇವೆ.

ನಾವು ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿದೆವು. ಈ ಸಲ ಬರೀ ಕೊಳಲು, ದಮ್ಮಡಿ ಮತ್ತು ದನಿ. ಬೇರೆ ರೆಕಾರ್ಡಿಂಗ್ ಆದ್ದರಿಂದ ಅದಕ್ಕೆ ಬೇರೆ ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಒಂದೊಂದು ರೆಕಾರ್ಡಿಂಗಿಗೂ ಇರುವ ಗುರುತಿನ ಸಂಖ್ಯೆ. ಉಳಿದಿದ್ದ 3,000 ರೂಪಾಯಿಯನ್ನು ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ಜಾಹೀರಾತಿಗೆ ಹಾಕಿದ್ದೇವೆ. ಮಕ್ಕಳು ಅದಕ್ಕೆ ಮತ್ತೆ ಕುಣಿಯುತ್ತಾರಂತೆ.

ಈಗಾಗಲೇ ಇಂಥವರಿಗೆ ದುಡ್ಡು ಕೊಟ್ಟಿದ್ದೀರಿ ಅಂದರೆ ಇವತ್ತೇ ಊರುಗಳ ಪಟ್ಟಿ ತೆಗೆದು ನೋಡಿ. ಅನುಮಾನದ ಪ್ಲೇಲಿಸ್ಟಿನಲ್ಲಿ ಹಾಡು ಇದ್ದರೆ ಅದರ ಲಿಂಕ್, ಪಟ್ಟಿ, ಮಾತುಕತೆ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ ಪ್ಲೇಲಿಸ್ಟಿನ ಬಗ್ಗೆ ಸ್ಪಾಟಿಫೈಗೆ ದೂರು ಕೊಡಿ, ಡಿಸ್ಟ್ರಿಬ್ಯೂಟರ್‌ಗೂ ನೀವೇ ಮೊದಲು ಬರೆಯಿರಿ. ದುಡ್ಡು ಕೊಡದೇ ಇದ್ದರೂ ಕೆಲವೊಮ್ಮೆ ಇಂಥ ಪ್ಲೇಲಿಸ್ಟಿನವರು ತಾವಾಗಿಯೇ ಯಾರದೋ ಹಾಡು ಸೇರಿಸಿಕೊಳ್ಳುತ್ತಾರೆ, ಆಗಲೂ ಇದನ್ನೇ ಮಾಡಿ. ಡಿಸ್ಟ್ರಿಬ್ಯೂಟರ್ ಇಮೇಲ್ ಬಂದ ಮೇಲೆ ಬರೆದರೆ ನಮ್ಮ ಮಾತು ಕೇಳುವವರು ಯಾರೂ ಇರುವುದಿಲ್ಲ.