ಭಾನುವಾರದ ಹಸ್ತಪ್ರತಿ ಚಿತ್ರಕಲೆ ಕ್ಲಾಸ್, ಸರಸ್ವತಿಪುರಂ: ಹೋಗಬಹುದಾ?

ಖಂಡಿತ ಹೋಗಿ. ಮೈಸೂರು ಶೈಲಿಯ ಕಲಾವಿದರೊಬ್ಬರು ಮನೆಯಲ್ಲೇ ನಡೆಸುವ ಕ್ಲಾಸ್ ಇದು. ಹಳೆಯ ಹಸ್ತಪ್ರತಿಗಳ ಚಿತ್ರಗಳಲ್ಲಿ ಇಲ್ಲಿಯದೇ ಶೈಲಿ ಯಾವುದು, ಪರ್ಷಿಯಾದಿಂದ ಬಂದದ್ದು ಯಾವುದು ಅಂತ ಬರೆಸುತ್ತಲೇ ತೋರಿಸುತ್ತಾರೆ. ಫೀಸ್ 800 ರೂಪಾಯಿ, ಕಾಗದ, ಬಣ್ಣ, ಕುಂಚ ಎಲ್ಲ ಅವರದೇ.

ಮೊದಲು ಪಶ್ಚಿಮ ಭಾರತದ ಜೈನ ಕಲ್ಪಸೂತ್ರದ (ತೀರ್ಥಂಕರರ ಜೀವನ ಹೇಳುವ ಗ್ರಂಥ) ಒಂದು ಮುಖ. ಚೂಪು ಮೂಗು, ಪಕ್ಕಕ್ಕೆ ತಿರುಗಿದ ಮುಖ, ಆದರೂ ಆಚೆ ಬದಿಯ ಕಣ್ಣು ಕೆನ್ನೆಯ ಗೆರೆ ದಾಟಿ ಹೊರಗೆ ಚಾಚಿಕೊಂಡಿರುತ್ತದೆ. ನೋಡಲು ವಿಚಿತ್ರ ಅಲ್ವಾ? ಬರೆದು ನೋಡಿ, ಮುಖಕ್ಕೆ ಜೀವ ಬರುವುದೇ ಆ ಕಣ್ಣಿನಿಂದ. ಕಾಗದ ಬಂದ ಮೇಲೂ ಆ ಚಿತ್ರಕಾರರು ಓಲೆಗರಿಯ ಅಡ್ಡ ಆಕಾರವನ್ನು ಬಿಡಲಿಲ್ಲ.

ಆಮೇಲೆ ಜೈನ ಮುನಿ ಕಾಲಕನ ಕಥೆ ಹೇಳುವ ಕಾಲಕಾಚಾರ್ಯ ಕಥೆಯ ಸಾಹಿ ರಾಜ, ಅಂದರೆ ಶಕರ ದೊರೆ. ಅದೇ ಜೈನ ಹಸ್ತಪ್ರತಿಗಳ ಚಿತ್ರವೇ, ಆದರೆ ರಾಜ ಹೊರನಾಡಿನವನಲ್ಲವೇ, ಅದಕ್ಕೇ ಅವನಿಗೆ ಮಾತ್ರ ದುಂಡು ಕೆನ್ನೆ, ಮುಕ್ಕಾಲು ತಿರುಗಿದ ಮುಖ, ಆ ಕಡೆಯ ಉಡುಪು. ಎರಡು ಮುಖಗಳನ್ನೂ ಒಂದೇ ಹಾಳೆಯಲ್ಲಿ ಬರೆದಾಗ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ, ಪುಸ್ತಕ ಓದಿದರೆ ಇದು ಸಿಗುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ನಿಮತ್‌ನಾಮಾ. ಈಗಿನ ಮಧ್ಯಪ್ರದೇಶದ ಮಾಂಡುವಿನ ಸುಲ್ತಾನ ಘಿಯಾಸ್ ಶಾಹನ ಅಡುಗೆ ಪುಸ್ತಕ, ಸುಮಾರು 1500ರದ್ದು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನೆಲದ ತುಂಬ ಹೂವಿನ ಗೊಂಚಲು, ಅದು ಪರ್ಷಿಯಾದ ಶಿರಾಜ್ ಕಡೆಯ ರೀತಿ. ಸುಲ್ತಾನನ ಸುತ್ತ ಅಡುಗೆ ಮಾಡುವ, ಬಡಿಸುವ ಹೆಂಗಸರಲ್ಲಿ ಕೆಲವರು ಮಾತ್ರ ಅಪ್ಪಟ ಇಲ್ಲಿಯವರು. ಎರಡು ಶೈಲಿಗಳು ಒಂದೇ ಪುಟದಲ್ಲಿ ಆರಾಮಾಗಿ ಕೂತಿವೆ, ಸುಮ್ನೆ ನಕಲು ಮಾಡಿದ್ದರೆ ಹೀಗೆ ಬರುತ್ತಿರಲಿಲ್ಲ.

ಕೊರತೆ ಇಲ್ಲವೆಂದಲ್ಲ. ನೋಡಿ ಬರೆಯಲು ಕೊಟ್ಟ ಪ್ರಿಂಟ್‌ಗಳಲ್ಲಿ ನೀಲಿ ಮಂಕಾಗಿದೆ. ಲಾಜವರ್ದಿ ಕಲ್ಲಿನ ಆ ಕಡುನೀಲಿಯೇ ಕಾಣದಿದ್ದರೆ ಅರ್ಧ ಮಜಾ ಹೋದಂತೆ. ಇನ್ನೊಂದು, ನಮ್ಮ ಬಿಜಾಪುರದಲ್ಲೇ 1570ರಲ್ಲಿ ತಯಾರಾದ ನುಜೂಮ್ ಅಲ್ ಉಲೂಮ್ ಎಂಬ ಸಚಿತ್ರ ಜ್ಯೋತಿಷ ಗ್ರಂಥದ ಬಗ್ಗೆ ಒಂದು ಮಾತೂ ಬರಲಿಲ್ಲ. ಕೇಳಿದ್ದಕ್ಕೆ ಮುಂದಿನ ಬ್ಯಾಚ್‌ಗೆ ಸೇರಿಸುತ್ತೇನೆ ಅಂದರು ಮೇಷ್ಟ್ರು. ಚಿತ್ರ ಬರೆದು ಅಭ್ಯಾಸ ಇಲ್ಲದವರೂ ಧೈರ್ಯವಾಗಿ ಸೇರಬಹುದು, ಮಕ್ಕಳಿಗೆ ಮಾತ್ರ ಕ್ಲಾಸ್ ಮುಗಿಯುವವರೆಗೂ ಕೂರುವುದು ಜಾಸ್ತಿಯಾಗುತ್ತದೆ.